ಗುಡ್ಡದ ಮಗ್ಗುಲಿನ ಊರು ಬೇಕೆಂದರೆ: ಖಾನಾಪುರವೋ, ಗೋಕಾಕವೋ, ಬಾದಾಮಿಯೋ?

ಅಕ್ಕನ ಗಂಡ, ಅಂದರೆ ನಮ್ಮ ಮಾವ, ಬ್ಯಾಂಕ್ ಕೆಲಸದಿಂದ ನಿವೃತ್ತರಾದ ವರ್ಷ ವಿಜಯಪುರದಿಂದ ಅಕ್ಕನ ಫೋನ್ ಬಂತು. "ಈ ಬಯಲು ಸಾಕಾಗ್ಯದ. ಮುಂಜಾನೆ ಬಾಗಿಲಾ ತಗದರ ಕಣ್ಣಿಗೆ ಒಂದು ಗುಡ್ಡ ಬೀಳಬೇಕು. ಊರು ಸಣ್ಣದಿರಬೇಕು. ಎಲ್ಲಿ ಮನಿ ನೋಡೂಣು, ಹೇಳು" ಅಂದಳು. ನಾನು ಬೆಳಗಾವಿಯಲ್ಲಿ ಇರುವವಳು. ಸುತ್ತಲಿನ ಊರುಗಳೆಲ್ಲ ನನಗೆ ಗೊತ್ತು ಅನ್ನುವ ನಂಬಿಕೆ ಅವಳಿಗೆ. ಆಗ ಶುರುವಾದ ಹುಡುಕಾಟ ಎರಡು ವರ್ಷ ನಡೆಯಿತು. ಖಾನಾಪುರ, ಗೋಕಾಕ, ಬಾದಾಮಿ, ಈ ಮೂರು ಊರುಗಳಲ್ಲಿ ಬೇರೆ ಬೇರೆ ಕಾಲದಲ್ಲಿ ಹೋಗಿ ಉಳಿದು ನೋಡಿದೆವು.

ಈಗ ಬೇರೆಯವರೂ ಇದೇ ಪ್ರಶ್ನೆ ಕೇಳುತ್ತಾರೆ. ಮನೆಯಿಂದಲೇ ಕೆಲಸ ಮಾಡುವ ಹುಡುಗರು ಕೇಳುತ್ತಾರೆ. ಮಕ್ಕಳು ದೂರದಲ್ಲಿ ನೆಲೆಸಿದ ಮೇಲೆ ಇಬ್ಬರೇ ಉಳಿದ ಹಿರಿಯರು ಕೇಳುತ್ತಾರೆ. ಎಲ್ಲರಿಗೂ ನಾನು ಮೊದಲು ಹೇಳುವುದು ಇಷ್ಟು: ಹಸಿರು ನೋಡಿ ಊರು ಆರಿಸಬೇಡಿ. ವರ್ಷದಲ್ಲಿ ಎಷ್ಟು ಮುಂಜಾನೆ ನೀವು ಚಪ್ಪಲಿ ಮೆಟ್ಟಿ ಹೊರಗೆ ಹೋಗಬಹುದು ಅನ್ನುವುದನ್ನು ಎಣಿಸಿ. ನಾವು ಈ ಲೆಕ್ಕ ಹಿಡಿದ ಮೇಲೆ ನಮ್ಮ ಉತ್ತರ ಪೂರ್ತಿ ಬದಲಾಯಿತು.

ಎತ್ತರ ಹತ್ತಿರ ಹತ್ತಿರ, ಮಳೆ ಬೇರೆ ಬೇರೆ

ಮೂರೂ ಊರು ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ಖಾನಾಪುರ ಸುಮಾರು 650 ಮೀಟರ್, ಬಾದಾಮಿ ಮತ್ತು ಗೋಕಾಕ 600ರ ಆಸುಪಾಸಿನಲ್ಲಿ. ಹಾಗಾಗಿ "ಎತ್ತರದ ಊರು, ತಂಪಾಗಿರುತ್ತೆ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಇಲ್ಲಿ ವ್ಯತ್ಯಾಸ ಮಾಡುವುದು ಸಹ್ಯಾದ್ರಿಯಿಂದ ಊರು ಎಷ್ಟು ದೂರ ಅನ್ನುವುದು. ಅರಬ್ಬಿ ಸಮುದ್ರದ ಮೋಡ ಘಟ್ಟ ಹತ್ತುವಾಗ ಹೊತ್ತು ತಂದ ನೀರನ್ನೆಲ್ಲ ಅಲ್ಲೇ ಸುರಿಯುತ್ತದೆ. ಪೂರ್ವಕ್ಕೆ ಬರುವಷ್ಟರಲ್ಲಿ ಖಾಲಿಯಾಗಿರುತ್ತದೆ.

ಇದನ್ನು ತಿಳಿಯಲು ಮಲಪ್ರಭೆಯ ಜೊತೆ ಹೋದರೆ ಸಾಕು. ಅವಳು ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಆಷಾಢದಲ್ಲಿ ಅಲ್ಲಿ ಆಕಾಶ ಕಾಣುವುದೇ ಅಪರೂಪ. ಖಾನಾಪುರದ ಪಕ್ಕ ಹರಿದು, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕು, ಮುಂದೆ ಬಾದಾಮಿ ಸೀಮೆಗೆ ಬರುವ ಹೊತ್ತಿಗೆ ಎರಡೂ ದಂಡೆಯಲ್ಲಿ ಜೋಳದ ಹೊಲ ಮತ್ತು ಬಿಸಿಲಿಗೆ ಕಾದ ಕೆಂಪು ಕಲ್ಲು. ಖಾನಾಪುರದಿಂದ ಬಾದಾಮಿಗೆ ನೇರ ಗೆರೆ ಎಳೆದರೆ ಸುಮಾರು 130 ಕಿ.ಮೀ. ಅಷ್ಟರಲ್ಲೇ ಮಳೆ ಎಷ್ಟು ಇಳಿಯುತ್ತದೆ ನೋಡಿ. ಖಾನಾಪುರದಲ್ಲಿ ವರ್ಷಕ್ಕೆ 1,500 ಮಿ.ಮೀ. ದಾಟುತ್ತದೆ. ಬಾದಾಮಿ ಇರುವ ಬಾಗಲಕೋಟೆ ಜಿಲ್ಲೆಯ ಸರಾಸರಿ 600 ಮಿ.ಮೀ. ಒಳಗೇ. ಗೋಕಾಕ ನಕಾಶೆಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿದ್ದರೂ ಮಳೆಯ ಲೆಕ್ಕದಲ್ಲಿ ಬಾಗಲಕೋಟೆ ಕಡೆಯ ಊರೇ.

ಖಾನಾಪುರ

ನಾವು ಮೊದಲು ಹೋದದ್ದು ಇಲ್ಲಿಗೆ, ಡಿಸೆಂಬರ್‌ನಲ್ಲಿ. ಬೆಳಗಾವಿಯಿಂದ ಬರೀ 25 ಕಿ.ಮೀ. ಚಿಲ್ಲರೆ. ಭತ್ತ ಕೊಯ್ದ ಗದ್ದೆಯ ಮೇಲೆ ಮಂಜು ಕೂತಿತ್ತು. ನದಿ ಸದ್ದಿಲ್ಲದೆ ಹರಿಯುತ್ತಿತ್ತು. ಮಾವ ಅಸೋಗಾದ ಕಡೆ ನದಿ ದಂಡೆ ಹಿಡಿದು ನಡೆದು ಬಂದು, "ಇನ್ನ ಬ್ಯಾರೆ ಊರು ನೋಡೂದು ಬ್ಯಾಡ" ಅಂದುಬಿಟ್ಟರು. ಅವತ್ತು ಮುಂಗಡ ಕೊಟ್ಟುಬಿಡುವವರೇ ಇದ್ದರು. ಮಳೆಗಾಲ ಒಂದು ಸಲ ನೋಡೋಣ ಅಂತ ತಡೆದವಳು ಅಕ್ಕ.

ಜುಲೈ ಕೊನೆಗೆ, ಪುಷ್ಯ ಮಳೆಯಲ್ಲಿ, ಪರಿಚಯದವರ ಹಂಚಿನ ಮನೆಯಲ್ಲಿ ಎಂಟು ದಿನ ಉಳಿದೆವು. ಎಂಟು ದಿನದಲ್ಲಿ ಬಿಸಿಲು ಕಂಡದ್ದು ಒಂದು ಮಧ್ಯಾಹ್ನ, ಅದೂ ಸ್ವಲ್ಪ ಹೊತ್ತು. ಮಳೆಯ ರಭಸ ಕಷ್ಟ ಅನಿಸಲಿಲ್ಲ. ಅದು ನಿಲ್ಲದೇ ಇರುವುದೇ ಕಷ್ಟ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಚರ್ಮದ ಚಪ್ಪಲಿಗೆ ಬೂಷ್ಟು ಹತ್ತುತ್ತದೆ. ಹಿಟ್ಟು, ಬೇಳೆ, ಉಪ್ಪು ಎಲ್ಲವನ್ನೂ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಗಾಳಿಗೆ ಮರ ಬಿದ್ದರೆ ಕರೆಂಟ್ ಹೋಗುತ್ತದೆ, ಬರುವುದು ಯಾವಾಗಲೋ. ಅಕ್ಕನಿಗೆ ದಮ್ಮು ಇದೆ. ಐದನೇ ದಿನಕ್ಕೆ ಅವಳ ಉಸಿರು ಬದಲಾಯಿತು. ರಾತ್ರಿ ಕೂತೇ ನಿದ್ದೆ ಮಾಡಿದಳು. ಮನೆಯವರು ಬಹಳ ಒಳ್ಳೆಯವರು, ಒಲೆ ಹೊತ್ತಿಸಿ ಕೋಣೆ ಬೆಚ್ಚಗೆ ಮಾಡಿಕೊಟ್ಟರು. ಆದರೆ ಹವೆ ಒಗ್ಗದ ಮೇಲೆ ಒಳ್ಳೆಯವರೂ ಏನು ಮಾಡಲು ಆಗುತ್ತದೆ, ಅಲ್ವಾ?

ಲೆಕ್ಕ ಹಾಕಿ. ಮಿರಗ ಮಳೆ ಹಿಡಿದರೆ ಜೂನ್, ಜುಲೈ, ಆಗಸ್ಟ್ ಪೂರ್ತಿ, ಸೆಪ್ಟೆಂಬರ್ ಅರ್ಧ ನಡಿಗೆ ಇಲ್ಲ ಅಂದುಕೊಳ್ಳಬೇಕು. ಮಳೆಗಾಲವೇ ಇಷ್ಟ ಅನ್ನುವ ಹುಡುಗರು ಜಲಪಾತ ನೋಡಲು ಬರುತ್ತಾರೆ ನಿಜ. ಆದರೆ ಆ ತಿಂಗಳುಗಳಲ್ಲಿ ಕಾಡಿನೊಳಗಿನ ಜಲಪಾತಗಳಿಗೆ ಹೋಗದಂತೆ ಅರಣ್ಯ ಇಲಾಖೆ ತಡೆದ ವರ್ಷಗಳಿವೆ. ತಡೆದದ್ದು ಸರಿಯೇ. ಹಳ್ಳ ಒಮ್ಮೆಲೇ ಏರುತ್ತದೆ, ಕಲ್ಲು ಪಾಚಿಗಟ್ಟಿರುತ್ತದೆ.

ಇನ್ನು ಕಾಡು. ಖಾನಾಪುರ ತಾಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿ ಅಭಯಾರಣ್ಯವಾಯಿತು. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿರುವ ಒಂದು ಜಾತಿಯ ಬಾವಲಿ ಜಗತ್ತಿನಲ್ಲೇ ಬಹಳ ಅಪರೂಪದ್ದು. ಅಂಥ ಕಾಡಿನ ಸೆರಗಿನಲ್ಲಿ ಇರುವುದು ದೊಡ್ಡ ಭಾಗ್ಯ ಅಂತಲೇ ನಾನು ನಂಬುತ್ತೇನೆ. ಆದರೆ ಆ ಕಾಡು ಕರಡಿಯದ್ದು, ಕಾಡುಕೋಣದ್ದು. ಬೆಳಿಗ್ಗೆ ಐದಕ್ಕೆ ಒಬ್ಬರೇ ವಾಕಿಂಗ್ ಹೊರಡುವ ಅಭ್ಯಾಸ ಇದ್ದವರು ಕಾಡಂಚಿನ ಹಳ್ಳಿಯಲ್ಲಿ ಮನೆ ಮಾಡಬಾರದು. ಪೇಟೆಯೊಳಗೆ ಇದ್ದರೆ ತೊಂದರೆ ಇಲ್ಲ.

ಈ ಊರಿನ ನಿಜವಾದ ಸುಖ ಬೇಸಿಗೆಯಲ್ಲಿದೆ. ವಿಜಯಪುರ, ಬಾಗಲಕೋಟೆ ಕಾದ ಹಂಚಿನಂತೆ ಸುಡುವಾಗ ಇಲ್ಲಿ ಸಂಜೆ ತಣ್ಣಗಿನ ಗಾಳಿ ಬೀಸುತ್ತದೆ. ಹಲಸು, ಮಾವು, ಗೇರು ಎಲ್ಲ ಆಗಲೇ. ಮೇ ತಿಂಗಳಲ್ಲಿ ಒಂದೆರಡು ಅಡ್ಡಮಳೆ ಬಿದ್ದರೆ ಮಣ್ಣಿನ ವಾಸನೆ ಮನೆ ತುಂಬುತ್ತದೆ. ಸೈಕಲ್ ಇದ್ದವರಿಗೆ ನವೆಂಬರ್‌ನಿಂದ ಮೇ ತನಕ ಎಷ್ಟೊಂದು ದಾರಿಗಳು! ಕದಂಬರ ಕಾಲದ ಭೂವರಾಹ ನರಸಿಂಹ ಗುಡಿ ಇರುವ ಹಲಸಿಗೆ ಹೋಗಬಹುದು. ನಂದಗಡಕ್ಕೆ ಹೋದರೆ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನೆಲದಲ್ಲಿ, ಅವನ ಸಮಾಧಿಯ ಆಲದ ನೆರಳಿನಲ್ಲಿ ಕೂತು ಬರಬಹುದು. ಪೇಟೆಯಲ್ಲಿ ಮರಾಠಿ ಜಾಸ್ತಿ ಕೇಳುತ್ತದೆ, ಕನ್ನಡವೂ ನಡೆಯುತ್ತದೆ, ಅಲ್ಲಲ್ಲಿ ಕೊಂಕಣಿಯೂ ಇದೆ. ನಾಲ್ಕು ಮರಾಠಿ ಮಾತು ಕಲಿತರೆ ನೆರೆಹೊರೆ ಬೇಗ ಹತ್ತಿರವಾಗುತ್ತದೆ.

ಗೋಕಾಕ

ಗೋಕಾಕದ ಬಗ್ಗೆ ಮೊದಲೇ ಹೇಳಬೇಕಾದದ್ದು, ಇದು ಅಷ್ಟು ಸಣ್ಣ ಊರಲ್ಲ. 2011ರ ಜನಗಣತಿಯಲ್ಲೇ ಸುಮಾರು 79 ಸಾವಿರ ಜನ ಇದ್ದರು. ಬಾದಾಮಿಯಲ್ಲಿ ಆಗ ಸುಮಾರು 31 ಸಾವಿರ. ಖಾನಾಪುರ ಅದಕ್ಕಿಂತ ಸಣ್ಣದು. ಗೋಕಾಕದ ಪೇಟೆ ದೊಡ್ಡದು, ಬೇಕಾದದ್ದೆಲ್ಲ ಸಿಗುತ್ತದೆ. ಕರದಂಟಿನ ಅಂಗಡಿ ಮುಂದೆ ಹಾದು ಹೋದರೆ ಬೆಲ್ಲ, ಅಂಟು, ಒಣಕೊಬ್ಬರಿಯ ಪರಿಮಳಕ್ಕೆ ಕಾಲು ನಿಲ್ಲುತ್ತದೆ. ಕಬ್ಬು ನುರಿಸುವ ಕಾಲದಲ್ಲಿ ಮಾತ್ರ ರಸ್ತೆ ತುಂಬ ಟ್ರ್ಯಾಕ್ಟರ್ ಸಾಲು. ಆ ದಿನಗಳಲ್ಲಿ ಹೆದ್ದಾರಿ ಬದಿಗೆ ನಡೆಯುವುದು ಆಗದ ಮಾತು.

ಜಲಪಾತ ಊರಿನಿಂದ ಆರೇಳು ಕಿ.ಮೀ. ದೂರ. ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತಾಳೆ. ಪಕ್ಕದಲ್ಲೇ ತೂಗುಸೇತುವೆ. 1880ರ ದಶಕದಲ್ಲಿ ಈ ನೀರಿನ ಬಲದಿಂದಲೇ ಹತ್ತಿಯ ಗಿರಣಿ ಶುರುವಾಯಿತು. ಜುಲೈಯಿಂದ ಸೆಪ್ಟೆಂಬರ್ ತನಕ ಇದನ್ನು ನೋಡಲೇಬೇಕು. ಏಪ್ರಿಲ್‌ನಲ್ಲಿ ಹೋದರೆ ಬರೀ ಬಂಡೆ. ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ನನಗೆ ಇನ್ನೂ ಇಷ್ಟ. ಎರಡು ಮೆಟ್ಟಿಲಲ್ಲಿ ಇಳಿಯುವ ನೀರು, ಗೋಕಾಕ ಫಾಲ್ಸ್‌ನಷ್ಟು ಜನಜಂಗುಳಿ ಇಲ್ಲ. ಹಕ್ಕಿ ನೋಡುವವರಿಗೆ ಧೂಪದಾಳದ ಹಿನ್ನೀರು ಹತ್ತಿರ. ಚಳಿಗಾಲದಲ್ಲಿ ದುರ್ಬೀನು ಹಿಡಿದು ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಊರಿನ ಸಮೀಪದ ಯೋಗಿಕೊಳ್ಳಕ್ಕೆ ಮುಂಜಾನೆ ನಡೆದೇ ಹೋಗಿ ಬರುವವರಿದ್ದಾರೆ.

ಇಲ್ಲಿ ಜಾಗ್ರತೆ ಬೇಕಾದದ್ದು ನದಿಯ ವಿಷಯದಲ್ಲಿ. ಗೋಕಾಕದಲ್ಲಿ ಬೀಳುವ ಮಳೆ ಕಡಿಮೆ, ಆದರೆ ಹರಿದು ಬರುವ ನೀರು ಘಟ್ಟದ್ದು. ಹಿಡಕಲ್ ಅಣೆಕಟ್ಟು ತುಂಬಿ ಬಾಗಿಲು ತೆರೆದಾಗ, ಹಿರಣ್ಯಕೇಶಿ, ಮಾರ್ಕಂಡೇಯ ಎರಡೂ ಅದೇ ಹೊತ್ತಿಗೆ ಉಕ್ಕಿದರೆ, ಮೇಲೆ ಬಿಸಿಲು ಕಾಯುತ್ತಿದ್ದರೂ ಊರಿನೊಳಗೆ ನೀರು ಬರುತ್ತದೆ. 2019ರ ಆಗಸ್ಟ್‌ನಲ್ಲಿ ಹಾಗೇ ಆಯಿತು. ಲೋಳಸೂರ ಸೇತುವೆ ಮುಳುಗಿತು, ತಗ್ಗಿನ ಓಣಿಗಳು ಮುಳುಗಿದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಊರಿನ ಮೇಲಿನ ಮಲ್ಲಿಕಾರ್ಜುನ ಗುಡ್ಡದ ದೊಡ್ಡ ಬಂಡೆಗಳು ಜಾರುವ ಭಯ ಹುಟ್ಟಿ, ಕೆಳಗಿನ ಮನೆಯವರು ಜಾಗ ಬಿಡಬೇಕಾಯಿತು.

ನಮಗೆ ಒಬ್ಬ ದಲ್ಲಾಳಿ ಒಳ್ಳೆ ಗಾಳಿ ಬೆಳಕಿನ ಮನೆ ತೋರಿಸಿದರು. ಹೊಸ ಸುಣ್ಣ ಬಣ್ಣ, ಬಾಡಿಗೆ ಕಡಿಮೆ. ನೆರೆಯ ಮಾತೇ ಎತ್ತಲಿಲ್ಲ. ಎದುರು ಮನೆಯ ಅಜ್ಜಿ ಕಟ್ಟೆ ಮೇಲೆ ಕೂತಿದ್ದರು. ಅಕ್ಕ ಸುಮ್ನೆ ಕೇಳಿದಳು, "ನೀರು ಎಲ್ಲೀತನಕ ಬಂದಿತ್ರಿ ಅವ್ವಾರ?" ಅಜ್ಜಿ ಎದ್ದು ನಿಂತು ಗೋಡೆಯ ಮೇಲೆ ತಮ್ಮ ಎದೆಮಟ್ಟಕ್ಕೆ ಕೈ ಇಟ್ಟರು. "ಇಲ್ಲೀತನಕ ಬಂದಿತ್ ನೋಡವ್ವ. ನಾಕು ದಿನಾ ಮಗಳ ಮನ್ಯಾಗ ಇದ್ವಿ" ಅಂದರು. ಆ ಒಂದು ಮಾತು ನಮ್ಮನ್ನು ಉಳಿಸಿತು. ಗೋಕಾಕದಲ್ಲಿ ಮನೆ ನೋಡುವವರು ದಯವಿಟ್ಟು ಮಾಲೀಕರನ್ನು ಬಿಟ್ಟು ಎದುರು ಮನೆಯವರನ್ನು ಕೇಳಿ. ಎತ್ತರದ ಬಡಾವಣೆಯಲ್ಲಿ, ಗುಡ್ಡದ ಬುಡದಿಂದಲೂ ದೂರ ಸಿಕ್ಕರೆ ಇದು ವಾಸಕ್ಕೆ ಗಟ್ಟಿ ಊರೇ. ದುಡಿಮೆ ಇದೆ, ಶಾಲೆ ಇದೆ, ಪೇಟೆ ಇದೆ. ಅಕ್ಕ ಕೇಳಿದ ಸಣ್ಣ ಊರಿನ ಸದ್ದಡಗಿದ ಮುಂಜಾನೆ ಮಾತ್ರ ಇಲ್ಲಿ ಸಿಗುವುದಿಲ್ಲ.

ಬಾದಾಮಿ

ಬಾದಾಮಿಯನ್ನು ನಾವು ಪಟ್ಟಿಯಲ್ಲೇ ಇಟ್ಟಿರಲಿಲ್ಲ. ಬಿಸಿಲ ಊರು, ಪ್ರವಾಸಿಗರ ಊರು, ಮಂಗಗಳ ಊರು ಅಂತ ಬಿಟ್ಟಿದ್ದೆವು. ಬನಶಂಕರಿ ಜಾತ್ರೆಗೆ ಹೋದವರು ಒಂದು ವಾರ ಉಳಿದದ್ದರಿಂದ ಕಣ್ಣು ತೆರೆಯಿತು.

ಊರು ಕೂತಿರುವ ರೀತಿಯೇ ಚಂದ. ಪೂರ್ವಕ್ಕೆ ಎರಡು ಮರಳುಗಲ್ಲಿನ ಗುಡ್ಡ, ನಡುವೆ ಕೊಳ್ಳ, ಕೊಳ್ಳದಲ್ಲಿ ಅಗಸ್ತ್ಯತೀರ್ಥ ಅನ್ನುವ ಕೆರೆ. ಕೊಳ್ಳದ ಬಾಯಿಗೆ ಪಶ್ಚಿಮದ ಕಡೆ ಊರು. ಬೆಳಿಗ್ಗೆ ಸೂರ್ಯ ಬಂಡೆ ದಾಟಿ ಬರಲು ಹೊತ್ತು ಬೇಕು. ಆ ಹೊತ್ತಿನ ತನಕ ಕೆರೆ ದಂಡೆ ನೆರಳಿನಲ್ಲೇ ಇರುತ್ತದೆ. ಸಂಜೆ ಅದೇ ಸೂರ್ಯ ಎದುರಿನಿಂದ ಬಿದ್ದು ಇಡೀ ಬಂಡೆ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಈ ಕೋಟೆಯನ್ನು ಮೊದಲನೇ ಪುಲಕೇಶಿ ಕಟ್ಟಿಸಿದ್ದು 543ರಲ್ಲಿ, ಶಾಸನ ಇನ್ನೂ ಬಂಡೆಯ ಮೇಲಿದೆ. ರಾಜಧಾನಿಗೆ ಈ ಜಾಗ ಯಾಕೆ ಆರಿಸಿದ ಅಂತ ಒಂದು ಬೆಳಿಗ್ಗೆ ಮೇಲೆ ಹತ್ತಿದರೆ ತಿಳಿಯುತ್ತದೆ. ನೀರು, ನೆರಳು, ಕಾವಲು ಮೂರೂ ಒಂದೇ ಕಡೆ ಇವೆ.

ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಸಣ್ಣ ಊರು ನಾನು ಉತ್ತರ ಕರ್ನಾಟಕದಲ್ಲಿ ಕಂಡಿಲ್ಲ. ಕೆರೆ ಸುತ್ತಿ ಭೂತನಾಥ ಗುಡಿಯ ತನಕ ಸಮತಟ್ಟು ದಾರಿ. ಮೊಣಕಾಲು ನೋವಿದ್ದ ಮಾವ ದಿನಾ ಹೋಗುತ್ತಿದ್ದರು. ಸ್ವಲ್ಪ ಹತ್ತುವ ಶಕ್ತಿ ಇದ್ದರೆ ವಸ್ತುಸಂಗ್ರಹಾಲಯದ ಬದಿಯಿಂದ ಬಂಡೆಯ ಸೀಳಿನ ನಡುವೆ ಮೆಟ್ಟಿಲು ಹಿಡಿದು ಉತ್ತರದ ಕೋಟೆಗೆ ಹೋಗಬಹುದು. ಆ ಸೀಳಿನಲ್ಲಿ ಮಧ್ಯಾಹ್ನವೂ ತಂಪು. ಮತ್ತೂ ದೂರ ಬೇಕೆಂದರೆ ಗುಡ್ಡದ ಮೇಲಿಂದ ಸಿಡಿಲಪಡಿಗೆ ಹೋಗಿ. ಅಲ್ಲಿ ಇತಿಹಾಸಕ್ಕಿಂತ ಹಿಂದಿನ ಜನ ಬಂಡೆಯ ಮೇಲೆ ಬರೆದ ಚಿತ್ರಗಳಿವೆ. ಮಹಾಕೂಟಕ್ಕೂ ಗುಡ್ಡ ಹಾಯ್ದು ಹಳೆಯ ಕಾಲುದಾರಿ ಇದೆ. ಅಲ್ಲಿನ ಪುಷ್ಕರಣಿಯಲ್ಲಿ ಬೇಸಿಗೆಯಲ್ಲೂ ಬತ್ತದ ಬುಗ್ಗೆಯ ನೀರು. ಒಂದು ವಿಷಯ ಅಕ್ಕನಿಗೆ ಬಹಳ ಹಿಡಿಸಿತು: ಮಹಾಕೂಟದ ಪ್ರಸಿದ್ಧ ಶಾಸನ ಕಂಬ ಈಗ ಇರುವುದು ಅವಳ ವಿಜಯಪುರದಲ್ಲೇ, ಗೋಲಗುಂಬಜದ ವಸ್ತುಸಂಗ್ರಹಾಲಯದಲ್ಲಿ.

ನಾಲ್ಕು ಗುಹೆಗಳಲ್ಲಿ ಮೂರನೆಯದು ದೊಡ್ಡದು, ಮಂಗಳೇಶನ 578ರ ಶಾಸನ ಇರುವುದು ಅದರಲ್ಲೇ. ಗುಹೆಗಳು ಉತ್ತರದ ಕಡೆ ಮುಖ ಮಾಡಿವೆ, ಹಾಗಾಗಿ ಒಳಗೆ ತಂಪು. ಟಿಕೆಟ್ ಇರುವುದರಿಂದ ದಿನದ ವಾಕಿಂಗ್‌ಗೆ ಆಗುವ ಜಾಗ ಅಲ್ಲ. ಪಟ್ಟದಕಲ್ಲು 20 ಕಿ.ಮೀ. ಆಚೀಚೆ, ಐಹೊಳೆ ಇನ್ನೂ ಸ್ವಲ್ಪ ಮುಂದೆ. ಬೈಕ್ ಇದ್ದರೆ ಅರ್ಧ ದಿನದಲ್ಲಿ ಎರಡನ್ನೂ ನೋಡಿ ಬರಬಹುದು.

ಇನ್ನು ಬಂಡೆ ಹತ್ತುವವರು. ನವೆಂಬರ್‌ನಿಂದ ಫೆಬ್ರವರಿ ತನಕ ಬೆನ್ನಿಗೆ ಹಗ್ಗದ ಸುರುಳಿ ಹಾಕಿಕೊಂಡ ಹುಡುಗ ಹುಡುಗಿಯರು ದೇಶದ ಎಲ್ಲ ಕಡೆಯಿಂದ, ಹೊರದೇಶದಿಂದಲೂ ಬರುತ್ತಾರೆ. ಇಲ್ಲಿನ ಕಲ್ಲಿನಲ್ಲಿ ಅಡ್ಡಡ್ಡ ಪದರಗಳಿವೆ, ಬೆರಳು ಸಿಕ್ಕಿಸಲು ಒಳ್ಳೆ ಹಿಡಿತ ಸಿಗುತ್ತದೆ. ಬಂಡೆಗೆ ಕೊಂಡಿ ಜಡಿದ ದಾರಿಗಳು ಬಹಳ ಇವೆ. ಸರ್ಕಾರದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯೂ ಇಲ್ಲಿ ತರಬೇತಿ ನಡೆಸುತ್ತದೆ. ಹೊಸಬರು ಒಂದು ತಿಳಿದಿರಬೇಕು: ಮರಳುಗಲ್ಲು ನೀರು ಕುಡಿದರೆ ಮೆತ್ತಗಾಗುತ್ತದೆ, ಕೈ ಹಿಡಿದ ಚಕ್ಕೆಯೇ ಕಿತ್ತು ಬರಬಹುದು. ಮಳೆ ಬಂದ ಮೇಲೆ ಕಲ್ಲು ಒಣಗುವ ತನಕ ಕಾಯಬೇಕು. ನನ್ನ ಮಗಳು ಇಲ್ಲಿ ಮೊದಲ ಸಲ ಮೂವತ್ತು ಅಡಿ ಹತ್ತಿ ಕೆಳಗೆ ನೋಡಿ ನಕ್ಕ ಮುಖ ನನಗೆ ಇವತ್ತಿಗೂ ಕಣ್ಣ ಮುಂದಿದೆ.

ಬೇಸಿಗೆ? ಇದೆ. ಅದನ್ನು ಮುಚ್ಚಿಡುವುದಿಲ್ಲ. ಏಪ್ರಿಲ್ ಕೊನೆಗೆ ಬೇಕೆಂದೇ ಮತ್ತೆ ಹೋಗಿ ಹತ್ತು ದಿನ ಉಳಿದೆವು. ಉಷ್ಣತೆ 40 ಡಿಗ್ರಿ ಮುಟ್ಟುತ್ತದೆ. ಅದಕ್ಕಿಂತ ಕಷ್ಟ ರಾತ್ರಿಯದು. ಹಗಲೆಲ್ಲ ಬಿಸಿಲು ಕುಡಿದ ಬಂಡೆ ಕತ್ತಲಾದ ಮೇಲೆ ಝಳ ಬಿಡುತ್ತದೆ. ಬಂಡೆಗೆ ಹತ್ತಿರದ ಓಣಿಗಳಲ್ಲಿ ಹತ್ತು ಗಂಟೆಯಾದರೂ ಗಾಳಿ ಬೆಚ್ಚಗೇ ಇತ್ತು. ವಿಜಯಪುರದ ಬಯಲಿನಲ್ಲಿ ಬಿಸಿಲು ಇಷ್ಟೇ ಇದ್ದರೂ ರಾತ್ರಿ ಬೇಗ ತಂಪಾಗುತ್ತದೆ ಅಂತ ಮಾವ ಹೇಳಿದರು, ಸರಿಯಾದ ಮಾತು. ಊರಿನವರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ಮೇಲ್ಮುದ್ದಿ ಮನೆ, ಮಧ್ಯಾಹ್ನ ಕಿಟಕಿ ಮುಚ್ಚಿ ಬೆಳಕಿಂಡಿಯ ಬೆಳಕಿನಲ್ಲಿ ಇರುವುದು, ರಾತ್ರಿ ಮಾಳಿಗೆ ಮೇಲೆ ಹಾಸಿಗೆ. ಹೊಸ ಸಿಮೆಂಟ್ ಮನೆಗಿಂತ ಹಳೆ ಕಲ್ಲಿನ ಮನೆಯೊಳಗೆ ಹಗಲು ಹೊತ್ತು ನಿಜಕ್ಕೂ ಸಹನೀಯ.

ಆದರೆ ಆ ಹತ್ತೂ ದಿನ ಮಾವ ಐದೂವರೆಗೆ ಎದ್ದು ಕೆರೆ ಸುತ್ತಿ ಏಳೂವರೆಗೆ ಮನೆಗೆ ಬಂದರು. ಒಂದು ದಿನವೂ ತಪ್ಪಲಿಲ್ಲ. ಖಾನಾಪುರದ ಮಳೆ ಇಡೀ ದಿನವನ್ನು ತಿನ್ನುತ್ತದೆ. ಬಾದಾಮಿಯ ಬಿಸಿಲಿಗೆ ಹಗಲು ಬಿಟ್ಟುಕೊಟ್ಟರೂ ಮುಂಜಾನೆ ನಿಮ್ಮದೇ. ಮಳೆಗಾಲದಲ್ಲೂ ಇಲ್ಲಿ ಜಾಸ್ತಿ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅದೂ ಸಂಜೆ ಬಂದು ಹೋಗುವ ಮಳೆ. ಜೋರಾಗಿ ಬಂದ ದಿನ ಕೆರೆಯ ಮೇಲಿನ ಬಂಡೆಯಿಂದ ಅಕ್ಕತಂಗಿಯರ ದಿಡಗು ಅನ್ನುವ ಜಲಪಾತ ಧುಮುಕುತ್ತದೆ. ಅದು ಶುರುವಾಯಿತು ಅಂದರೆ ಮನೆಯ ಕೆಲಸ ಬಿಟ್ಟು ನೋಡಲು ಓಡುವವರಿದ್ದಾರೆ.

ದಿನದ ಬದುಕಿನ ತೊಂದರೆಗಳೂ ಇವೆ. ಮಂಗಗಳು ಕೈಯಲ್ಲಿನ ಚೀಲ ಕಸಿಯುತ್ತವೆ. ಕಿಟಕಿಗೆ ಜಾಲರಿ ಇಲ್ಲದ ಮನೆ ಹಿಡಿಯಲೇಬೇಡಿ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳಿಂದ ಮುಖ್ಯ ರಸ್ತೆ ತುಂಬುತ್ತದೆ. ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರ.

ಮನೆ ಕೊಳ್ಳುವವರು ಒಂದು ಕಾನೂನು ತಿಳಿದೇ ಹೋಗಬೇಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ತನಕ ಅನುಮತಿ ಬೇಕು. ಬಾದಾಮಿಯಲ್ಲಿ ಎತ್ತ ತಿರುಗಿದರೂ ಸ್ಮಾರಕ. ಕೆರೆ ದಂಡೆಯ ಹಳೆ ಮನೆಗಳನ್ನು ಬೇರೆಡೆಗೆ ಸಾಗಿಸುವ ಮಾತೂ ಬಹಳ ವರ್ಷಗಳಿಂದ ನಡೆದಿದೆ. ಹಾಗಾಗಿ ಕೆರೆ ಕಾಣುವ ಮನೆ ಅಗ್ಗಕ್ಕೆ ಸಿಗುತ್ತಿದೆ ಅಂದರೆ ಕಾಗದ ಪತ್ರ ಎರಡೆರಡು ಸಲ ನೋಡಿ. ಬಾಡಿಗೆಗೆ ಇರುವುದಾದರೆ ಈ ಚಿಂತೆ ಇಲ್ಲ.

ಊಟದ ಮಾತು ಬಿಡುವುದು ಹೇಗೆ? ಬನಶಂಕರಿಯಲ್ಲಿ ಗುಡಿಯ ಎದುರು ಬುಟ್ಟಿ ಇಟ್ಟುಕೊಂಡು ಕೂತ ತಾಯಂದಿರು ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸುತ್ತಾರೆ. "ಇನ್ನೊಂದು ರೊಟ್ಟಿ ಹಚ್ಚಲೇನವ್ವ?" ಅಂತ ಕೇಳುವ ದನಿಗೇ ಹೊಟ್ಟೆ ಅರ್ಧ ತುಂಬುತ್ತದೆ. ಬನದ ಹುಣ್ಣಿಮೆಗೆ ಜಾತ್ರೆ ಶುರುವಾದರೆ ವಾರಗಟ್ಟಲೆ ಕಂಪನಿ ನಾಟಕ. ಸಂಜೆ ಏನು ಮಾಡುವುದು ಅಂತ ಕೇಳುವವರಿಗೆ ಆ ಒಂದು ತಿಂಗಳು ಉತ್ತರ ಸಿದ್ಧ ಇರುತ್ತದೆ.

ದವಾಖಾನೆ, ರೈಲು, ಕೆಲಸ

ದೊಡ್ಡ ದವಾಖಾನೆಯ ಲೆಕ್ಕದಲ್ಲಿ ಖಾನಾಪುರವೇ ಮುಂದು. ಬೆಳಗಾವಿ ಮುಕ್ಕಾಲು ಗಂಟೆ. ಬಾದಾಮಿಯಿಂದ ಬಾಗಲಕೋಟೆಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೆಚ್ಚುಕಡಿಮೆ ಒಂದು ಗಂಟೆ, ಹುಬ್ಬಳ್ಳಿ ಇನ್ನೂ ದೂರ. ಗೋಕಾಕದಿಂದ ಬೆಳಗಾವಿ 60 ಕಿ.ಮೀ. ಮೇಲೆ, ಆದರೆ ಊರಿನಲ್ಲೇ ಸಾಕಷ್ಟು ವೈದ್ಯರಿದ್ದಾರೆ. ಹೃದಯದ ತೊಂದರೆ ಇದ್ದವರು ಉಳಿದೆಲ್ಲ ಬಿಟ್ಟು ಈ ಒಂದನ್ನೇ ನೋಡಬೇಕು ಅಂತ ನನ್ನ ಅನಿಸಿಕೆ.

ವಿಜಯಪುರದ ಕಡೆ ನೆಂಟರು ಇದ್ದವರಿಗೆ ಬಾದಾಮಿ ರೈಲಿನಲ್ಲಿ ನೇರ, ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೇ ದಾರಿಯಲ್ಲಿ ಓಡುತ್ತದೆ. ಖಾನಾಪುರ ಬೆಳಗಾವಿ-ಲೋಂಡಾ ದಾರಿಯಲ್ಲಿದೆ, ಗೋವಾ ಕಡೆಗೂ ಹತ್ತಿರ. ಗೋಕಾಕದ ರೈಲು ನಿಲ್ದಾಣ ಊರಿನಿಂದ ಹೊರಗೆ. ಮನೆಯಿಂದ ಕೆಲಸ ಮಾಡುವವರು ಖಾನಾಪುರದಲ್ಲಿ ಇನ್ವರ್ಟರ್ ಇಲ್ಲದೆ ಮಳೆಗಾಲ ಕಳೆಯಲಾರರು.

ಯಾರಿಗೆ ಯಾವುದು

ದಮ್ಮು, ಸಂದುನೋವು ಇದ್ದವರಿಗೆ ಖಾನಾಪುರ ಬೇಡ. ಬಿಸಿಲು ಕಂಡರೆ ತಲೆ ಸುತ್ತುವವರಿಗೆ, ಹಸುಗೂಸು ಇದ್ದವರಿಗೆ ಬಾದಾಮಿಯ ಏಪ್ರಿಲ್, ಮೇ ಬಹಳ ಕಷ್ಟ. ತೋಟ ಮಾಡಬೇಕು, ಮರ ಬೆಳೆಸಬೇಕು, ಮಳೆ ಸದ್ದಿನಲ್ಲಿ ಓದುತ್ತ ಕೂರಬೇಕು ಅನ್ನುವವರು ಕಣ್ಣು ಮುಚ್ಚಿ ಖಾನಾಪುರಕ್ಕೆ ಹೋಗಿ. ಮಕ್ಕಳ ಶಾಲೆ, ವ್ಯಾಪಾರ, ಪೇಟೆ ಮುಖ್ಯ ಅಂದರೆ ಗೋಕಾಕದ ಎತ್ತರದ ಬಡಾವಣೆ. ದಿನಾ ನಡೆಯುವವರಿಗೆ, ಬಂಡೆ ಹತ್ತುವವರಿಗೆ, ಕಡಿಮೆ ಖರ್ಚಿನಲ್ಲಿ ನೆಮ್ಮದಿಯಾಗಿ ಇರಬೇಕು ಅನ್ನುವವರಿಗೆ ಬಾದಾಮಿ. ಬಾದಾಮಿಯ ಬಾಡಿಗೆ ಜಾಸ್ತಿ ಅನಿಸಿದರೆ ಪಕ್ಕದ ಗುಳೇದಗುಡ್ಡವನ್ನೂ ನೋಡಿ. ಖಣ ನೇಯುವ ಮಗ್ಗದ ಸದ್ದಿನ ಊರು, ಸುತ್ತ ಇದೇ ಕೆಂಪು ಗುಡ್ಡ, ಪ್ರವಾಸಿಗರು ಕಡಿಮೆ.

ಅಕ್ಕ ಮತ್ತು ಮಾವ ಬಾದಾಮಿಯಲ್ಲಿ ಬಾಡಿಗೆ ಮನೆ ಹಿಡಿದರು. ಬನಶಂಕರಿಗೆ ಹೋಗುವ ದಾರಿಯ ಕಡೆ, ಬಂಡೆಯಿಂದ ಸ್ವಲ್ಪ ದೂರ. ಆ ಕಡೆ ತೆಂಗು, ಬಾಳೆ, ಎಲೆಬಳ್ಳಿಯ ತೋಟಗಳಿರುವುದರಿಂದ ರಾತ್ರಿ ಗಾಳಿ ಓಣಿಗಳಿಗಿಂತ ಬೇಗ ತಣ್ಣಗಾಗುತ್ತದೆ. ಬಾಗಿಲು ತೆರೆದರೆ ಗುಡ್ಡ ಕಾಣುತ್ತದೆ. ಮೇ ತಿಂಗಳು ಇಬ್ಬರೂ ಬೆಳಗಾವಿಗೆ ನನ್ನ ಮನೆಗೆ ಬರುತ್ತಾರೆ, ಒಂದು ವಾರ ಖಾನಾಪುರದ ಆ ಹಂಚಿನ ಮನೆಯವರಲ್ಲಿಗೂ ಹೋಗುತ್ತಾರೆ. ಅಕ್ಕನಿಗೆ ಹಲಸಿನ ಹಣ್ಣು ಅಂದರೆ ಪ್ರಾಣ.

ನೀವೂ ಬಾದಾಮಿಯಲ್ಲಿ ಮನೆ ನೋಡಲು ಹೋಗುವುದಾದರೆ ಅಕ್ಕ ಮಾಡಿದ್ದನ್ನೇ ಮಾಡಿ. ಅವಳು ಹಗಲು ಮನೆ ನೋಡಿ ಒಪ್ಪಲಿಲ್ಲ. ಏಪ್ರಿಲ್‌ನಲ್ಲಿ ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಮತ್ತೆ ಹೋದಳು. ಪಶ್ಚಿಮದ ಗೋಡೆಗೆ ಒಳಗಿನಿಂದ ಅಂಗೈ ಒತ್ತಿ ನೋಡಿದಳು. ನೀರು ವಾರಕ್ಕೆ ಎಷ್ಟು ಸಲ ಬರುತ್ತದೆ ಅಂತ ಪಕ್ಕದ ಮನೆಯ ಹೆಣ್ಣುಮಗಳನ್ನು ಕೇಳಿದಳು. ಆಮೇಲೆ ಮಾಳಿಗೆಗೆ ಮೆಟ್ಟಿಲು ಇದೆಯಾ, ಮೇಲೆ ಎರಡು ಹಾಸಿಗೆ ಹಾಸುವಷ್ಟು ಜಾಗ ಇದೆಯಾ ಅಂತ ಹತ್ತಿ ನೋಡಿ ಬಂದ ಮೇಲೆಯೇ ಮಾವನಿಗೆ, "ಮುಂಗಡಾ ಕೊಡ್ರಿ" ಅಂದಳು.